ತಂಡಕ್ಕಾಗಿ ನಿದ್ದೆಗೆಡುವ ಮಕ್ಕಳು

ಮಕ್ಕಳನ್ನು ಕರೆದುಕೊಂಡು ವೈದ್ಯರಲ್ಲಿಗೆ ಬರುವ ತಾಯ್ತಂದೆಯರ ದೂರುಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ. ಜ್ವರ, ಕೆಮ್ಮು, ಭೇದಿ ಎಂದೂ ತಪ್ಪಿದ್ದಲ್ಲ. ಆದರೆ ಕೆಲವು ವರ್ಷಗಳಿಂದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಮನೆಗಳಿಂದ ಇನ್ನೊಂದು ಬಗೆಯ ದೂರು ಬರುತ್ತಿದೆ. ‘ಬೆಳಿಗ್ಗೆ ಎಬ್ಬಿಸಿದರೆ ಏಳುವುದಿಲ್ಲ, ತಲೆನೋವು ಎನ್ನುತ್ತಾನೆ, ಶಾಲೆಯಲ್ಲಿ ತೂಕಡಿಸುತ್ತಾನಂತೆ. ರಕ್ತ ಕಡಿಮೆ ಇರಬಹುದೇ ಡಾಕ್ಟರೇ? ಒಂದು ಟಾನಿಕ್ ಬರೆದುಕೊಡಿ’ ಎನ್ನುತ್ತಾರೆ. ರಕ್ತ ಪರೀಕ್ಷೆ ಮಾಡಿಸಿದರೆ ಎಷ್ಟೋ ಮಕ್ಕಳಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ. ಮಾತಾಡುತ್ತಾ ಹೋದಂತೆ ನಿಜ ಸಂಗತಿ ಮೆಲ್ಲಗೆ ಹೊರಬೀಳುತ್ತದೆ. ರಾತ್ರಿ ಹನ್ನೆರಡು, ಒಂದು ಗಂಟೆಯವರೆಗೆ ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಆಟ.

ಇಂಥ ಆಟಗಳನ್ನು ಬಯ್ದು ಬರೆದವರು ಬಹಳ ಮಂದಿ. ಅವು ಬುದ್ಧಿಯನ್ನು ಚುರುಕು ಮಾಡುತ್ತವೆ ಎಂದು ಹೊಗಳುವವರೂ ಇದ್ದಾರೆ. ನಾನು ಹೇಳಬೇಕೆಂದಿರುವುದು ಬೇರೆ. ಹೆತ್ತವರು ಮಕ್ಕಳನ್ನು ‘ಎಷ್ಟು ಹೊತ್ತು ಆಡುತ್ತೀಯ?’ ಎಂದು ಮಾತ್ರ ಕೇಳುತ್ತಾರೆ. ‘ಆ ಆಟದಲ್ಲಿ ನಿನ್ನ ಕೆಲಸ ಏನು? ನಿನ್ನ ತಂಡದಲ್ಲಿ ಯಾರಿದ್ದಾರೆ?’ ಎಂದು ಕೇಳುವುದಿಲ್ಲ. ನನ್ನ ಅನುಭವದಲ್ಲಿ ಮಗು ರಾತ್ರಿ ಏಕೆ ಏಳುವುದಿಲ್ಲ ಎಂಬುದಕ್ಕೆ ಉತ್ತರ ಸಿಗುವುದು ಎರಡನೆಯ ಪ್ರಶ್ನೆಯಲ್ಲಿ. ಅರ್ಧ ಔಷಧವೂ ಅಲ್ಲೇ ಇದೆ.

ಎಂಟು ಜನ, ಎಂಟು ಕೆಲಸ

ಈ ಆಟಗಳ ಒಳಗಿನ ಜೋಡಣೆಯನ್ನು ಮೊದಲು ತಿಳಿಯೋಣ. ಸೂಪರ್ ಹೀರೋಗಳ ಆಟಗಳಲ್ಲಿ ಒಂದು ಹಳೆಯ ಮಾದರಿ ‘ಸಿಟಿ ಆಫ್ ಹೀರೋಸ್’. 2004ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಶುರುವಾಗಿ, 2012ರ ನವೆಂಬರ್ 30ರಂದು ಕಂಪನಿಯವರೇ ಮುಚ್ಚಿದ ಆಟ ಇದು. ಅಭಿಮಾನಿಗಳು ಬಿಡಲಿಲ್ಲ. 2019ರಲ್ಲಿ ಸ್ವಯಂಸೇವಕರು ಅದನ್ನು ಮತ್ತೆ ನಡೆಸತೊಡಗಿದರು, 2024ರ ಜನವರಿಯಲ್ಲಿ ಅವರಲ್ಲಿ ಒಂದು ಗುಂಪಿಗೆ ಕಂಪನಿಯಿಂದ ಅಧಿಕೃತ ಅನುಮತಿಯೂ ಸಿಕ್ಕಿತು. ನಮ್ಮ ತಾಲ್ಲೂಕುಗಳಲ್ಲಿ ಮಕ್ಕಳ ಕೈಯಲ್ಲಿರುವುದು ಹೆಚ್ಚಾಗಿ ಬೇರೆ ಆಟಗಳು. ಆದರೂ ತಂಡದ ಆಟ ಎಂದರೇನು ಎಂದು ತಿಳಿಯಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಇಲ್ಲ.

ಇದರಲ್ಲಿ ಆಟಗಾರ ತನ್ನದೇ ಒಬ್ಬ ವೀರನನ್ನು ರೂಪಿಸಿಕೊಳ್ಳುತ್ತಾನೆ. ಬೇರೆ ಬೇರೆ ಊರುಗಳಲ್ಲಿ ಕುಳಿತ ಎಂಟು ಜನರವರೆಗೆ ಸೇರಿ ಒಂದು ತಂಡ ಕಟ್ಟಬಹುದು. ಎಲ್ಲರೂ ಒಂದೇ ಕೆಲಸ ಮಾಡುವುದಿಲ್ಲ. ‘ಟ್ಯಾಂಕರ್’ ಎಂಬಾತ ಮುಂದೆ ನಿಂತು ಶತ್ರುಗಳ ಸಿಟ್ಟನ್ನೆಲ್ಲ ತನ್ನ ಕಡೆ ಸೆಳೆದುಕೊಳ್ಳುತ್ತಾನೆ, ಪೆಟ್ಟು ತಿನ್ನುವುದೇ ಅವನ ಕೆಲಸ. ‘ಬ್ಲಾಸ್ಟರ್’ ದೂರದಿಂದ ಬಲವಾಗಿ ಹೊಡೆಯುತ್ತಾನೆ, ಆದರೆ ಅವನ ಮೈ ಮೆದು. ‘ಸ್ಕ್ರ್ಯಾಪರ್’ ಹತ್ತಿರ ನುಗ್ಗಿ ಕಾದಾಡುತ್ತಾನೆ. ‘ಕಂಟ್ರೋಲರ್’ ಶತ್ರುಗಳನ್ನು ನಿಂತಲ್ಲೇ ಕಟ್ಟಿಹಾಕುತ್ತಾನೆ. ‘ಡಿಫೆಂಡರ್’ ಗಾಯಗೊಂಡವರನ್ನು ಗುಣಪಡಿಸಿ, ಉಳಿದವರ ಬಲ ಹೆಚ್ಚಿಸಿ, ಶತ್ರುವಿನ ಬಲ ತಗ್ಗಿಸುತ್ತಾನೆ. ಮುಂದೆ ನಿಂತವನು ಸಿದ್ಧನಾಗುವ ಮೊದಲೇ ಬ್ಲಾಸ್ಟರ್ ಅವಸರದಿಂದ ನುಗ್ಗಿದರೆ ಅವನ ಕಥೆ ಮುಗಿಯಿತು. ಗುಣಪಡಿಸುವವನು ಒಂದು ನಿಮಿಷ ಎದ್ದುಹೋದರೆ ಇಡೀ ತಂಡವೇ ನೆಲಕ್ಕುರುಳಬಹುದು.

ನಮಗೆ ಇದು ಹೊಸ ಪಾಠವೇನಲ್ಲ. ಚಕ್ರವ್ಯೂಹವನ್ನು ಹೊಕ್ಕ ಅಭಿಮನ್ಯುವಿಗೆ ಶೌರ್ಯ ಕಡಿಮೆಯಾಗಿತ್ತೇ? ಹಿಂದೆಯೇ ಬರಬೇಕಿದ್ದ ಭೀಮಾದಿಗಳನ್ನು ಜಯದ್ರಥ ಬಾಗಿಲಲ್ಲೇ ತಡೆದ. ತಂಡದಿಂದ ಬೇರ್ಪಟ್ಟ ವೀರ ಒಬ್ಬಂಟಿಯಾಗಿ ಬಿದ್ದ. ನಮ್ಮ ಹಳ್ಳಿಗಳ ಕಬಡ್ಡಿಯಲ್ಲೂ ದಾಳಿಗೆ ಹೋಗುವವನು, ಕಾಲು ಹಿಡಿಯುವವನು, ಮೂಲೆ ಕಾಯುವವನು ಎಂದು ಏಳು ಜನರಿಗೆ ಬೇರೆ ಬೇರೆ ಕೆಲಸವಿದೆ. ಮಕ್ಕಳು ಪರದೆಯ ಮೇಲೆ ಆಡುತ್ತಿರುವುದೂ ಇದೇ ಲೆಕ್ಕಾಚಾರವನ್ನು.

ಇಂದಿನ ಜನಪ್ರಿಯ ಆಟಗಳ ಮೂಲವೂ ಇದೇ. 2024ರ ಡಿಸೆಂಬರ್‌ನಲ್ಲಿ ಬಂದ ‘ಮಾರ್ವೆಲ್ ರೈವಲ್ಸ್’ನಲ್ಲಿ ಆರಾರು ಸೂಪರ್ ಹೀರೋಗಳ ಎರಡು ತಂಡ. ತಡೆಯುವವರು, ಹೊಡೆಯುವವರು, ಕಾಪಾಡುವವರು ಎಂದು ಮೂರು ಬಗೆ. ಮೊಬೈಲಿನಲ್ಲಿ ಆಡುವ ಬಿಜಿಎಂಐ, ಫ್ರೀ ಫೈರ್‌ಗಳಲ್ಲಿ ಸೂಪರ್ ಹೀರೋಗಳಿಲ್ಲ, ಬಂದೂಕುಗಳಿವೆ. ಆದರೆ ಅಲ್ಲಿಯೂ ನಾಲ್ವರ ತಂಡ, ಅಲ್ಲಿಯೂ ಬಿದ್ದವನನ್ನು ಎತ್ತಿ ನಿಲ್ಲಿಸುವ ಹೊಣೆ ಜೊತೆಗಾರನದು.

ಹಾಸಿಗೆ ಇದ್ದಷ್ಟು

ತಂಡದ ಜೊತೆಗೆ ಇನ್ನೊಂದು ವಿಷಯವನ್ನು ಹೆತ್ತವರು ತಿಳಿಯಬೇಕು. ಮಕ್ಕಳು ಅದನ್ನು ‘ಬಿಲ್ಡ್’ ಎನ್ನುತ್ತಾರೆ. ಅಂದರೆ ತನ್ನ ವೀರನನ್ನು ಹೇಗೆ ಕಟ್ಟಬೇಕು ಎಂಬ ಲೆಕ್ಕ. ಸಿಟಿ ಆಫ್ ಹೀರೋಸ್‌ನಲ್ಲಿ ವೀರ ಒಂದನೇ ಮಟ್ಟದಿಂದ ಐವತ್ತನೇ ಮಟ್ಟದವರೆಗೆ ಬೆಳೆಯುತ್ತಾನೆ. ಅಷ್ಟರೊಳಗೆ ತನ್ನ ಶಕ್ತಿಗಳನ್ನು ಹೆಚ್ಚಿಸಿಕೊಳ್ಳಲು ಅವನಿಗೆ ಸಿಗುವ ಹೆಚ್ಚುವರಿ ಖಾನೆಗಳು ಒಟ್ಟು 67 ಮಾತ್ರ. ಹೊಡೆತಕ್ಕೆ ಹೆಚ್ಚು ಕೊಟ್ಟರೆ ರಕ್ಷಣೆಗೆ ಉಳಿಯುವುದಿಲ್ಲ. ರಕ್ಷಣೆಗೆ ಕೊಟ್ಟರೆ ದಣಿವಾರಿಸಿಕೊಳ್ಳುವ ಶಕ್ತಿಗೆ ಕೊರತೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು.

ಮೊದಮೊದಲು ಅನೇಕ ಆಟಗಾರರು ಇದ್ದಬದ್ದ ಖಾನೆಗಳಿಗೆಲ್ಲ ಒಂದೇ ಬಗೆಯ ವರ್ಧಕವನ್ನು ತುಂಬುತ್ತಿದ್ದರು. 2005ರಲ್ಲಿ ಆಟದ ನಿರ್ಮಾಪಕರು ನಿಯಮ ಬದಲಿಸಿದರು. ಒಂದು ಶಕ್ತಿಗೆ ಒಂದೇ ಬಗೆಯ ವರ್ಧಕ ಮೂರಾದ ಮೇಲೆ ನಾಲ್ಕನೆಯದರಿಂದ ಸಿಗುವ ಲಾಭ ಅತ್ಯಲ್ಪ. ಆಟಗಾರರು ಗೊಣಗಿದರು, ಆದರೆ ಹೊಂದಿಕೊಂಡರು. ಎಲ್ಲ ಕಡೆಗೂ ಹದವಾಗಿ ಹಂಚುವುದನ್ನು ಕಲಿತರು.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ‘ಅವನಿಗೆ ಬುದ್ಧಿ ಇಲ್ಲ’ ಎಂದು ಹೆತ್ತವರು ಬಯ್ಯುವ ಇದೇ ಮಗು ಮಿತವಾದ ಬಂಡವಾಳವನ್ನು ಹೇಗೆ ಹಂಚಬೇಕು ಎಂದು ದಿನವೂ ಗಂಟೆಗಟ್ಟಲೆ ಯೋಚಿಸುತ್ತದೆ. ಅದಕ್ಕೆ ತಿಳಿಯದಿರುವುದು ಒಂದೇ. ತನ್ನ ದಿನದ 24 ಗಂಟೆಗಳೂ ಅಂಥವೇ ಖಾನೆಗಳು ಎಂಬುದು. ಒಂದು ಗಂಟೆಯ ಆಟದಿಂದ ಮನಸ್ಸಿಗೆ ಸಿಗುವ ಹಿತ ನಾಲ್ಕನೆಯ ಗಂಟೆಯಲ್ಲಿ ಸಿಗುವುದಿಲ್ಲ. ಆದರೆ ಆ ನಾಲ್ಕನೆಯ ಗಂಟೆಯನ್ನು ನಿದ್ದೆಯ ಖಾನೆಯಿಂದ ಕಿತ್ತು ತಂದಿರುತ್ತಾರೆ. ಇಂಥ ಮಕ್ಕಳಿಗೆ ಉಪದೇಶ ಮಾಡುವುದಕ್ಕಿಂತ ಈ ಲೆಕ್ಕವನ್ನು ಅವರ ಭಾಷೆಯಲ್ಲೇ ಕಾಗದದ ಮೇಲೆ ಬರೆದು ತೋರಿಸುವುದು ಹೆಚ್ಚು ಫಲ ಕೊಡುತ್ತದೆ.

ಮಗು ಏಕೆ ಏಳುವುದಿಲ್ಲ?

ಊಟಕ್ಕೆ ಕರೆದರೆ ‘ಐದು ನಿಮಿಷ’ ಎನ್ನುತ್ತದೆ. ಐದು ನಿಮಿಷ ಐವತ್ತಾಗುತ್ತದೆ. ತಟ್ಟೆಯಲ್ಲಿನ ಮುದ್ದೆ ಆರಿ ಗಟ್ಟಿಯಾಗುತ್ತದೆ. ಅಪ್ಪ ಬಂದು ಮೊಬೈಲ್ ಕಿತ್ತುಕೊಳ್ಳುತ್ತಾನೆ. ಮಗ ಅರಚುತ್ತಾನೆ, ಬಾಗಿಲು ಬಡಿಯುತ್ತಾನೆ. ‘ಒಂದು ಆಟಕ್ಕಾಗಿ ಹೆತ್ತವರಿಗೆ ಎದುರಾಡುತ್ತಾನಲ್ಲ’ ಎಂದು ಮನೆಯವರಿಗೆ ನೋವು.

ಈ ಜಗಳವನ್ನು ಮಗುವಿನ ಕಡೆಯಿಂದ ನೋಡಿ. ಸಿಟಿ ಆಫ್ ಹೀರೋಸ್‌ನಲ್ಲಿ ‘ಟಾಸ್ಕ್ ಫೋರ್ಸ್’ ಎಂಬ ದೊಡ್ಡ ಕಾರ್ಯಾಚರಣೆಗಳಿವೆ. ಒಂದರ ಹಿಂದೊಂದು ಹಲವು ಕಾಳಗ. ಒಮ್ಮೆ ಶುರುವಾದರೆ ಹೊಸಬರು ಸೇರುವಂತಿಲ್ಲ. ಯಾರಾದರೂ ಬಿಟ್ಟುಹೋದರೆ ಉಳಿದವರೇ ಏಗಬೇಕು. ಮೊಬೈಲಿನ ಪಂದ್ಯ ಸುಮಾರು ಅರ್ಧ ಗಂಟೆಯದಾದರೂ ಅಲ್ಲಿಯೂ ಮಧ್ಯದಲ್ಲಿ ಎದ್ದವನ ಜಾಗಕ್ಕೆ ಬೇರೊಬ್ಬ ಬರುವುದಿಲ್ಲ. ಹಾಗೆ ಎದ್ದುಹೋದವನನ್ನು ಮಾರನೆಯ ದಿನ ಶಾಲೆಯಲ್ಲಿ ಗೆಳೆಯರು ಸುಮ್ಮನೆ ಬಿಡುವುದಿಲ್ಲ. ನೀವು ಮೊಬೈಲನ್ನು ಕಿತ್ತುಕೊಂಡಿರಿ ಅಷ್ಟೆ. ಮಗುವಿನ ಪಾಲಿಗೆ ಅದು ಮೂವರು ಗೆಳೆಯರನ್ನು ನಡುನೀರಿನಲ್ಲಿ ಕೈಬಿಟ್ಟಂತೆ.

ಹಿಂದೊಮ್ಮೆ ನನ್ನಲ್ಲಿಗೆ ಬಂದಿದ್ದ 15 ವರ್ಷದ ಹುಡುಗನೊಬ್ಬನ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಚನ್ನಪಟ್ಟಣದ ಕಡೆಯ ರೇಷ್ಮೆ ಸಾಕುವ ಮನೆ. ಎಸ್ಸೆಸ್ಸೆಲ್ಸಿ ವರ್ಷ. ತಲೆನೋವು, ಕಣ್ಣುರಿ, ತರಗತಿಯಲ್ಲಿ ನಿದ್ದೆ. ಮನೆಯಲ್ಲಿ ಎರಡು ಸಲ ಮೊಬೈಲ್ ಕಿತ್ತುಕೊಂಡು ಬೀರುವಿನಲ್ಲಿಟ್ಟದ್ದೂ ಆಗಿತ್ತು, ಅವನು ಎರಡು ದಿನ ಊಟ ಬಿಟ್ಟದ್ದೂ ಆಗಿತ್ತು. ‘ಆಟದಲ್ಲಿ ನಿನ್ನ ಕೆಲಸ ಏನಪ್ಪಾ?’ ಎಂದು ಕೇಳಿದೆ. ತಲೆ ತಗ್ಗಿಸಿ ಕುಳಿತಿದ್ದವನು ಮುಖ ಎತ್ತಿದ. ‘ಬಿದ್ದವರನ್ನು ಎಬ್ಬಿಸೋದು ನಾನೇ ಸಾರ್. ನಾನು ಹೋದರೆ ಎಲ್ಲರೂ ಸಾಯ್ತಾರೆ’ ಎಂದ. ಪಕ್ಕದಲ್ಲಿದ್ದ ತಾಯಿಗೆ ಇದು ಹೊಸ ಸುದ್ದಿ. ಅವನ ತಂಡದ ಉಳಿದ ಮೂವರೂ ಅದೇ ಶಾಲೆಯವರು. ನಾಲ್ವರೂ ಪರಸ್ಪರ ಒಬ್ಬರಿಗಾಗಿ ಇನ್ನೊಬ್ಬರು ನಿದ್ದೆಗೆಡುತ್ತಿದ್ದರು. ‘ಹಾಗಾದರೆ ತಂಡದ ವೈದ್ಯ ನೀನು. ನಿನ್ನ ಮೂವರು ರೋಗಿಗಳೂ ತರಗತಿಯಲ್ಲಿ ತೂಕಡಿಸುತ್ತಿದ್ದಾರೆ. ಒಂಬತ್ತೂವರೆಯ ನಂತರ ಹೊಸ ಪಂದ್ಯ ಶುರು ಮಾಡುವುದಿಲ್ಲ ಎಂದು ನೀನೇ ಹೇಳಿಬಿಡು’ ಎಂದೆ. ಅವನು ಹೇಳಿದ. ಉಳಿದವರಿಗೂ ಬೇಕಾಗಿದ್ದುದು ಅದೇ ಆಗಿರಬೇಕು, ಒಪ್ಪಿದರು. ಆಟ ಪೂರ್ತಿ ನಿಂತಿತು ಎಂದು ನಾನು ಹೇಳುವುದಿಲ್ಲ. ಶನಿವಾರ ಅಳತೆ ಮೀರುತ್ತಿತ್ತು. ಆದರೆ ವಾರದ ಐದು ರಾತ್ರಿ ನಿದ್ದೆ ಮರಳಿತು, ತಿಂಗಳೊಳಗೆ ತಲೆನೋವು ಇಳಿಯಿತು. ನಾನು ಬರೆದುಕೊಟ್ಟ ಮಾತ್ರೆ ಯಾವುದೂ ಇರಲಿಲ್ಲ.

ಎಲ್ಲ ಮಕ್ಕಳ ವಿಷಯವೂ ಇಷ್ಟು ಸುಲಭವಾಗಿ ಮುಗಿಯುವುದಿಲ್ಲ. ಆದರೆ ಈ ದಾರಿಯನ್ನು ಮೊದಲು ಪ್ರಯತ್ನಿಸದೆ ಕಿತ್ತುಕೊಳ್ಳುವುದಕ್ಕೆ ಕೈಹಾಕುವುದು ಸರಿಯಲ್ಲ.

ದೇಹ ಕೇಳುವ ಲೆಕ್ಕ

ವೀರನಿಗೆ ಮರುಜನ್ಮ ಉಂಟು. ಸಿಟಿ ಆಫ್ ಹೀರೋಸ್‌ನಲ್ಲಿ ತಪ್ಪಾಗಿ ಕಟ್ಟಿದ ಬಿಲ್ಡನ್ನು ಕೆಡವಿ ಮತ್ತೆ ಹೊಸದಾಗಿ ಕಟ್ಟುವ ಅವಕಾಶವೂ ಉಂಟು. ಆಡುವ ಮಗುವಿನ ದೇಹಕ್ಕೆ ಆ ಸೌಲಭ್ಯವಿಲ್ಲ.

ಮೊದಲನೆಯದು ನಿದ್ದೆ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಹರೆಯದಲ್ಲಿ ದೇಹದ ಗಡಿಯಾರ ತಾನಾಗಿಯೇ ಸ್ವಲ್ಪ ಹಿಂದೆ ಬೀಳುತ್ತದೆ, ನಿದ್ದೆ ತಡವಾಗಿ ಬರುತ್ತದೆ. ಅದರ ಮೇಲೆ ಪರದೆಯ ಬೆಳಕು ನಿದ್ದೆಗೆ ಸಹಾಯ ಮಾಡುವ ಮೆಲಟೋನಿನ್ ಹಾರ್ಮೋನನ್ನು ತಗ್ಗಿಸುತ್ತದೆ, ಕಾಳಗದ ಉದ್ವೇಗ ಎದೆಬಡಿತ ಹೆಚ್ಚಿಸುತ್ತದೆ. ಆಟ ನಿಲ್ಲಿಸಿದ ಕೂಡಲೇ ನಿದ್ದೆ ಬರುವುದಿಲ್ಲ.

ರೇಷ್ಮೆ ಸಾಕುವ ನಮ್ಮ ರೈತರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಆಗ ಸೊಪ್ಪು ಹಾಕುವುದಿಲ್ಲ, ತಟ್ಟೆ ಅಲುಗಿಸುವುದಿಲ್ಲ. ಹುಳು ಸುಮ್ಮನೆ ಮಲಗಿದಂತೆ ಕಂಡರೂ ಒಳಗೆ ಹೊಸ ಚರ್ಮ ಸಿದ್ಧವಾಗುತ್ತಿರುತ್ತದೆ. ಆ ಹೊತ್ತಿನಲ್ಲಿ ತೊಂದರೆ ಕೊಟ್ಟರೆ ಬೆಳೆ ಏರುಪೇರಾಗುತ್ತದೆ ಎಂದು ಅವರಿಗೆ ಗೊತ್ತು. ಮಕ್ಕಳಲ್ಲಿಯೂ ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಒಸರುವುದು ಗಾಢ ನಿದ್ದೆಯಲ್ಲಿ. ಹಗಲು ಓದಿದ್ದು ನೆನಪಿನಲ್ಲಿ ನೆಲೆಯಾಗುವುದೂ ನಿದ್ದೆಯಲ್ಲಿಯೇ. ರೇಷ್ಮೆ ಹುಳುವಿಗೆ ತೋರುವ ಎಚ್ಚರವನ್ನು ಮನೆಯ ಮಗುವಿಗೂ ತೋರಬೇಡವೇ?

ಎರಡನೆಯದು ಕಣ್ಣು. ಸಾಮಾನ್ಯವಾಗಿ ನಾವು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಮಿಟುಕಿಸುತ್ತೇವೆ. ಪರದೆಯನ್ನು ದಿಟ್ಟಿಸುವಾಗ ಇದು ಬಹಳ ಕಡಿಮೆಯಾಗಿ ಕಣ್ಣು ಒಣಗುತ್ತದೆ, ಉರಿಯುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಅಡಿ ಆಚೆಯ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡುವುದು ಒಳ್ಳೆಯ ಅಭ್ಯಾಸ. ದಿನಕ್ಕೆ ಎರಡು ಗಂಟೆಯಷ್ಟಾದರೂ ಹೊರಗಿನ ಹಗಲು ಬೆಳಕಿನಲ್ಲಿ ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿ ಶುರುವಾಗುವ ಸಂಭವ ಕಡಿಮೆ ಎಂಬುದನ್ನು ಮರೆಯಬಾರದು.

ಮೂರನೆಯದು ಕತ್ತು ಮತ್ತು ಕೈ. ನಾಲ್ಕೈದು ಕಿಲೋ ತೂಗುವ ತಲೆಯನ್ನು ಗಂಟೆಗಟ್ಟಲೆ ಮುಂದಕ್ಕೆ ಬಗ್ಗಿಸಿದರೆ ಕತ್ತಿನ ಸ್ನಾಯುಗಳ ಮೇಲಿನ ಭಾರ ಹೆಚ್ಚುತ್ತದೆ. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಪಕ್ಕದಲ್ಲಿ ನೋವು ಬಂದರೆ ಅದು ಸ್ನಾಯುರಜ್ಜುವಿನ ಸುತ್ತಲಿನ ಪೊರೆಯ ಬಾವು ಇರಬಹುದು. ಸ್ವಿಟ್ಜರ್ಲೆಂಡಿನ ವೈದ್ಯ ಡಿ ಕ್ವೆರ್ವೇನ್ 1895ರಲ್ಲಿ ವಿವರಿಸಿದ ಈ ಬೇನೆಯನ್ನು ಇಂದು ಮೊಬೈಲ್ ಹಿಡಿದ ಹರೆಯದವರಲ್ಲೂ ಕಾಣುತ್ತೇವೆ. ಕೈಗೆ ವಿಶ್ರಾಂತಿ ಕೊಡುವುದೇ ಮೊದಲ ಚಿಕಿತ್ಸೆ.

ನಾಲ್ಕನೆಯದು ಚಲನೆ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಓಡಾಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಪರದೆಯ ಮೇಲಿನ ವೀರ ಎಷ್ಟು ಹಾರಿದರೂ ಅದು ಈ ಲೆಕ್ಕಕ್ಕೆ ಸೇರುವುದಿಲ್ಲ.

ಚಟ ಯಾವಾಗ ರೋಗ?

‘ನಮ್ಮ ಹುಡುಗನಿಗೆ ಆಟದ ಹುಚ್ಚು ಹಿಡಿದಿದೆ’ ಎಂದು ಬರುವವರಿಗೆ ನಾನು ಹೇಳುವುದು: ಆಡುವ ಮಕ್ಕಳೆಲ್ಲ ರೋಗಿಗಳಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ, 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ‘ಗೇಮಿಂಗ್ ಡಿಸಾರ್ಡರ್’ ಎಂಬುದು ಸೇರಿದೆ ನಿಜ. ಆದರೆ ಅದಕ್ಕೆ ಮೂರು ಲಕ್ಷಣ ಹೇಳಿದ್ದಾರೆ. ಆಟದ ಮೇಲೆ ಹಿಡಿತ ತಪ್ಪಿರಬೇಕು. ಊಟ, ಓದು, ಗೆಳೆತನ ಎಲ್ಲಕ್ಕಿಂತ ಆಟವೇ ಮುಖ್ಯವಾಗಿರಬೇಕು. ಹಾನಿಯಾಗುತ್ತಿದ್ದರೂ ಆಟ ಮುಂದುವರಿಯಬೇಕು ಅಥವಾ ಹೆಚ್ಚಬೇಕು. ಇದರಿಂದ ಬದುಕು ಗಂಭೀರವಾಗಿ ಕೆಟ್ಟಿರಬೇಕು, ಸಾಮಾನ್ಯವಾಗಿ 12 ತಿಂಗಳು ಹೀಗೆ ನಡೆದಿರಬೇಕು. ಬೇಸಿಗೆ ರಜೆಯಲ್ಲಿ ವಾರಗಟ್ಟಲೆ ಆಡಿದ್ದು ರೋಗವಲ್ಲ.

ಇನ್ನೊಂದು ಎಚ್ಚರ ಅಗತ್ಯ. ಎಷ್ಟೋ ಸಲ ಆಟ ಮೂಲ ರೋಗವಾಗಿರುವುದಿಲ್ಲ, ಬೇರೊಂದರ ಗುರುತಾಗಿರುತ್ತದೆ. ತಂದೆ ಬಿಡದಿಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿ, ತಾಯಿ ಬೆಂಗಳೂರಿನ ರೈಲು ಹಿಡಿದು ಹೋಗಿ ಕತ್ತಲಾದ ಮೇಲೆ ಬರುತ್ತಾಳೆ. ಖಾಲಿ ಮನೆಯಲ್ಲಿ ಮಗುವನ್ನು ಹೆಸರು ಹಿಡಿದು ಕರೆಯುವವರು ಆ ತಂಡದವರು ಮಾತ್ರ. ಶಾಲೆಯಲ್ಲಿ ಗೇಲಿಗೆ ಒಳಗಾದ ಹುಡುಗ, ಗಣಿತದಲ್ಲಿ ಹಿಂದೆ ಬಿದ್ದ ಹುಡುಗಿ ತಮಗೆ ಬೆಲೆ ಇರುವ ಜಾಗವನ್ನು ಅಲ್ಲಿ ಕಂಡುಕೊಂಡಿರಬಹುದು. ಖಿನ್ನತೆಯೂ ಹೀಗೆ ಆಟದ ಮರೆಯಲ್ಲಿ ಅಡಗಿರುವುದುಂಟು. ಆ ಆಸರೆಯನ್ನು ಒಂದೇ ಏಟಿಗೆ ಕಿತ್ತರೆ ಮಗು ಎಲ್ಲಿಗೆ ಹೋಗಬೇಕು?

ಶಾಲೆ ತಪ್ಪಿಸುವುದು, ಸ್ನಾನ ಊಟ ಬಿಡುವುದು, ಹಣ ಕದಿಯುವುದು, ಕೈಮಾಡುವುದು ಕಂಡರೆ ತಡಮಾಡದೆ ವೈದ್ಯರನ್ನು ಕಾಣಿ. ‘ಸತ್ತುಹೋಗುತ್ತೇನೆ’ ಎಂಬ ಮಾತು ಬಂದರೆ ಅದನ್ನು ಬೆದರಿಕೆ ಎಂದು ತಳ್ಳಿಹಾಕಬೇಡಿ. ಮಗುವನ್ನು ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಆಟಗಳ ಅತಿಬಳಕೆಗೆಂದೇ 2014ರಿಂದ ‘ಷಟ್’ ಎಂಬ ಪ್ರತ್ಯೇಕ ಚಿಕಿತ್ಸಾಲಯವಿದೆ. ನಮ್ಮ ನಾಲ್ಕೂ ಊರುಗಳಿಂದ ಅದು ದೂರವೇನಲ್ಲ.

ಹೆತ್ತವರು ಮಾಡಬಹುದಾದ್ದು

1. ಒಂದು ದಿನ ಮಗುವಿನ ಪಕ್ಕದಲ್ಲಿ ಅರ್ಧ ಗಂಟೆ ಕುಳಿತು ಆಟ ನೋಡಿ. ಬಯ್ಯಬೇಡಿ. ಅದರ ಪಾತ್ರ ಯಾವುದು, ಅದರ ಬಿಲ್ಡ್ ಹೇಗೆ, ಜೊತೆಗಾರರು ಯಾರು ಎಂದು ಕೇಳಿ.

2. ತಂಡದಲ್ಲಿ ಅಪರಿಚಿತರಿದ್ದಾರೆಯೇ ಎಂದು ವಿಚಾರಿಸಿ. ಊರು, ಶಾಲೆ, ಫೋಟೊ, ದೂರವಾಣಿ ಸಂಖ್ಯೆ ಯಾರಿಗೂ ಕೊಡಬಾರದೆಂದು ತಿಳಿಹೇಳಿ. ಆಟದ ಬಗ್ಗೆ ಬಯ್ಗುಳ ತಿನ್ನುವ ಮಗು ಇಂಥ ವಿಷಯವನ್ನು ಹೆತ್ತವರಿಗೆ ಹೇಳುವುದಿಲ್ಲ, ಮಾತಾಡಿಸುವ ಹೆತ್ತವರಿಗೆ ಹೇಳುತ್ತದೆ.

3. ಗಡಿಯಾರ ನೋಡಿ ಕಿತ್ತುಕೊಳ್ಳುವ ಬದಲು ಕೊನೆಯ ಪಂದ್ಯ ಶುರುವಾಗುವ ಹೊತ್ತನ್ನು ಮೊದಲೇ ಗೊತ್ತುಮಾಡಿ. ಹತ್ತಕ್ಕೆ ಮಲಗಬೇಕಾದರೆ ಎಂಟೂವರೆಯ ನಂತರ ಹೊಸ ಪಂದ್ಯವಿಲ್ಲ. ಶುರುವಾದದ್ದು ಮುಗಿಯಲಿ, ಮುಗಿದ ಮೇಲೆ ಮಾತು ತಪ್ಪದಿರಲಿ. ಗಂಟೆಗಟ್ಟಲೆ ಹಿಡಿಯುವ ಕಾರ್ಯಾಚರಣೆಗಳು ಭಾನುವಾರದ ಹಗಲಿಗೆ ಇರಲಿ.

4. ತಂಡದವರು ಒಂದೇ ಶಾಲೆಯ ಮಕ್ಕಳಾದರೆ ಹೆತ್ತವರು ಪರಸ್ಪರ ಮಾತಾಡಿ ಎಲ್ಲ ಮನೆಗಳಲ್ಲೂ ಒಂದೇ ಹೊತ್ತು ಗೊತ್ತುಮಾಡಿ. ಒಬ್ಬನನ್ನು ಮಾತ್ರ ನಿಲ್ಲಿಸಿದರೆ ಅವನು ಗೆಳೆಯರ ನಡುವೆ ಒಂಟಿಯಾಗುತ್ತಾನೆ. ನಾಲ್ವರೂ ನಿಂತರೆ ಯಾರಿಗೂ ಅವಮಾನವಿಲ್ಲ.

5. ರಾತ್ರಿ ಮನೆಯ ಎಲ್ಲ ಮೊಬೈಲುಗಳೂ ಮಲಗುವ ಕೋಣೆಯ ಹೊರಗೆ ಚಾರ್ಜಿಗೆ ಇರಲಿ. ‘ಎಲ್ಲ’ ಎಂದರೆ ಅಪ್ಪ ಅಮ್ಮನದೂ ಸೇರಿ.

6. ಹಣದ ವಿಷಯದಲ್ಲಿ ಬಿಗಿಯಾಗಿರಿ. ಪಣಕ್ಕಿಟ್ಟು ಆಡುವ ಆನ್‌ಲೈನ್ ಹಣದಾಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ಇಲ್ಲಿ ಹೇಳಿದ ವೀರರ ಆಟಗಳು ಅಂಥ ಜೂಜಲ್ಲ. ಆದರೂ ವೀರನಿಗೆ ಹೊಸ ಉಡುಪು, ಹೊಸ ಆಯುಧ ಎಂದು ಹಣ ಸೆಳೆಯುವ ಅಂಗಡಿ ಅವುಗಳೊಳಗೂ ಇರುತ್ತದೆ. ಹಣ ಪಾವತಿಯ ಗುಟ್ಟಿನ ಸಂಖ್ಯೆ ಮಗುವಿಗೆ ತಿಳಿಯದಿರಲಿ.

ಈ ಸಲಹೆಗಳನ್ನು ಕೇಳಿ ಕೆಲವರು ಹುಬ್ಬೇರಿಸಬಹುದು. ‘ಮಕ್ಕಳ ಆಟಕ್ಕೆ ನಾವು ತಾಳ ಹಾಕಬೇಕೇ? ಮೊಬೈಲ್ ಕೊಡದಿದ್ದರಾಯಿತು’ ಎನ್ನಬಹುದು. ಚಿಕ್ಕ ಮಕ್ಕಳ ವಿಷಯದಲ್ಲಿ ಅದು ಸರಿಯಾದ ಮಾತೇ. ಆದರೆ ಪಾಠ, ಮನೆಗೆಲಸ, ಪರೀಕ್ಷೆಯ ಫಲಿತಾಂಶ ಎಲ್ಲವೂ ಮೊಬೈಲಿಗೇ ಬರುವ ಈ ದಿನಗಳಲ್ಲಿ ಹೈಸ್ಕೂಲು, ಕಾಲೇಜು ಮಕ್ಕಳಿಂದ ಅದನ್ನು ಪೂರ್ತಿ ದೂರವಿಡುವುದು ಆಗದ ಮಾತು. 2020ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಪಬ್‌ಜಿ ಮೊಬೈಲ್ ನಿಷೇಧಿಸಿತು. ಮರುವರ್ಷವೇ ಅದು ಬಿಜಿಎಂಐ ಎಂಬ ಹೆಸರಿನಲ್ಲಿ ಬಂತು. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆಯುತ್ತದೆ. ಕೊನೆಗೆ ಮಗುವಿನ ಒಳಗೇ ಒಂದು ಬಾಗಿಲು ಇರಬೇಕು, ಅದನ್ನು ಹಾಕುವುದು ಮಗುವಿಗೇ ತಿಳಿದಿರಬೇಕು.

ಊರಿನ ಹಿರಿಯರಿಗೂ ಒಂದು ಮಾತು. ತಂಡದಲ್ಲಿ ಒಬ್ಬನಾಗಬೇಕು, ನನ್ನಿಂದ ಇನ್ನೊಬ್ಬರಿಗೆ ಉಪಯೋಗವಾಗಬೇಕು ಎಂಬ ಆಸೆ ಮಕ್ಕಳಲ್ಲಿ ಸಹಜ. ಅದು ಒಳ್ಳೆಯ ಆಸೆ. ಅದನ್ನು ತೀರಿಸಲು ನಾವು ಏನು ಕೊಟ್ಟಿದ್ದೇವೆ? ಎಷ್ಟೋ ಬಡಾವಣೆಗಳಲ್ಲಿ ಆಟದ ಬಯಲೇ ಇಲ್ಲ. ಇರುವ ಶಾಲಾ ಮೈದಾನಕ್ಕೆ ಸಂಜೆ ಐದಕ್ಕೆ ಬೀಗ ಬೀಳುತ್ತದೆ. ಹತ್ತನೇ ತರಗತಿಗೆ ಬಂದೊಡನೆ ಆಟದ ಪಿರಿಯಡ್ಡನ್ನು ಗಣಿತಕ್ಕೋ ವಿಜ್ಞಾನಕ್ಕೋ ಬಿಟ್ಟುಕೊಡುತ್ತಾರೆ. ಸಂಜೆ ಏಳರವರೆಗೆ ಮೈದಾನದ ಬಾಗಿಲು ತೆರೆದಿಟ್ಟು, ಎರಡು ದೀಪ ಹಾಕಿ, ಕಬಡ್ಡಿಗೋ ಖೋಖೋಗೋ ಗೆರೆ ಎಳೆದುಕೊಟ್ಟರೆ ಗ್ರಾಮ ಪಂಚಾಯಿತಿಗಾಗಲಿ ಶಾಲೆಗಾಗಲಿ ದೊಡ್ಡ ಖರ್ಚಿಲ್ಲ. ಅಲ್ಲಿಯೂ ಮುಂದೆ ನಿಲ್ಲುವವನು, ನುಗ್ಗುವವನು, ಬಿದ್ದವನನ್ನು ಎತ್ತುವವನು ಬೇಕು. ಮಕ್ಕಳಿಗೆ ಆ ವಿದ್ಯೆ ಆಗಲೇ ಅರ್ಧ ಬಂದಿದೆ.

ಈ ವಾರ ಮನೆಯಲ್ಲಿ ಒಂದು ಪ್ರಶ್ನೆಯಿಂದ ಶುರುಮಾಡಿ. ‘ನಿನ್ನ ತಂಡದಲ್ಲಿ ನೀನು ಏನು ಮಾಡುತ್ತೀಯ?’ ಉತ್ತರ ಪೂರ್ತಿ ಅರ್ಥವಾಗದಿದ್ದರೂ ಕೊನೆಯವರೆಗೆ ಕೇಳಿಸಿಕೊಳ್ಳಿ. ಮಲಗುವ ಹೊತ್ತಿನ ಮಾತನ್ನು ಅದಾದ ಮೇಲೆ ಎತ್ತಿ.